ಬೇಡಿ ಪಡೆದ ಸೂತಕ

ಸೂತಕ ಕಳೆಯಿರಿ ಅಂತ ಗುರುಗಳ ಹತ್ತಿರ ಬರುವವರು ಬೇಕಾದಷ್ಟು ಜನ. ಸೂತಕ ಕೊಡಿ ಅಂತ ಕೈ ಒಡ್ಡಿದವನು ನಾನು ಕೇಳಿದ ಮಟ್ಟಿಗೆ ಒಬ್ಬನೇ. ಅವನ ಹೆಸರು ಚೆಲುವಯ್ಯ.

ಹೇಮಾವತಿ ಹೊಳೆ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಹೆಂಚಿನ ನಾಲ್ಕು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲೊಂದು ಹೊಂಗೆ ಮರ. ಅಲ್ಲಿದ್ದ ಗುರುಗಳನ್ನು ಸುತ್ತಲ ಊರಿನವರು ಬುದ್ಧಿಯೋರು ಅಂತಲೇ ಕರೆಯುತ್ತಿದ್ದರು. ಎಂಬತ್ತು ದಾಟಿದ ಜೀವ. ಹಲ್ಲು ಉದುರಿದ್ದರೂ ಮಾತಿನ ಖಾರ ಇಳಿದಿರಲಿಲ್ಲ.

ಚೆಲುವಯ್ಯನಿಗೂ ಅರವತ್ತರ ಹತ್ತಿರ ಹತ್ತಿರ. ಮದುವೆ ಗಿದುವೆ ಅಂತ ಹೋಗಲಿಲ್ಲ. ಇದ್ದ ಕೆಲಸ ಬಿಟ್ಟು ಬಂದು ಬುದ್ಧಿಯೋರ ಕಾಲಿಗೆ ಬಿದ್ದವನು, ಮತ್ತೆ ಏಳಲಿಲ್ಲ. ಅಡುಗೆ ಮಾಡುವುದು, ಬಡಿಸುವುದು ಅವನ ಪಾಲಿನದು.

ಕೈರುಚಿ ಒಳ್ಳೆಯದಿತ್ತು. ಅಂಥವನು ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದ. ಮರುದಿನ ಹಾಕಲೇ ಇಲ್ಲ.

ಬುದ್ಧಿಯೋರು ಎಲೆ ಮುಂದೆ ಕೂತು ಕೇಳಿದರು, "ಏನಯ್ಯಾ, ನಿನ್ನೆದೂ ಇವತ್ತಿಂದೂ ಬೆರೆಸ್ಕೊಂಡು ಉಣ್ಣಬೇಕಾ?"

"ತಪ್ಪಾಯ್ತು ಬುದ್ಧಿ."

"ತಪ್ಪು ಆಗ್ಲಿ ಬಿಡು. ಏನಾಯ್ತು, ಅದನ್ನ ಹೇಳು."

"ಸಣ್ಣಸ್ವಾಮಿ ಹೋಗ್ಬಿಟ್ಟ ಬುದ್ಧಿ."

"ಯಾರಯ್ಯ ಸಣ್ಣಸ್ವಾಮಿ?"

ಅಷ್ಟು ಕೇಳಿದ್ದೇ ತಡ, ಚೆಲುವಯ್ಯ ಕೈಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಕಂಬಕ್ಕೆ ಒರಗಿ ಕೂತ.

"ಹೈಸ್ಕೂಲಲ್ಲಿ ನನ್ನ ಜೊತೆ ಓದಿದೋನು."

ಹಿಂದಿನ ಬೆಂಚಲ್ಲಿ ನಾಲ್ಕು ಜನ. ಚೆಲುವಯ್ಯ, ಬೋರಲಿಂಗ, ಅನ್ವರ್, ಸಣ್ಣಸ್ವಾಮಿ. ಬೆಂಚಿನ ಒಂದು ಕಾಲು ಕುಂಟು, ನಾಲ್ವರೂ ಒಟ್ಟಿಗೆ ಎದ್ದರೆ ಮಾತ್ರ ಸದ್ದಾಗುತ್ತಿರಲಿಲ್ಲ. ಹಾಗಾಗಿ ಏಳುವುದೂ ಒಟ್ಟಿಗೆ, ಶಿಕ್ಷೆಗೆ ಹೊರಗೆ ಹೋಗಿ ನಿಲ್ಲುವುದೂ ಒಟ್ಟಿಗೆ.

"ಬೋರಲಿಂಗ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ಜ್ವರ ಬಂದು ಹೋದ. ರಿಸಲ್ಟ್ ಬಂದಾಗ ನೋಡಿದ್ರೆ ಪಾಸಾಗಿದ್ದ ಬುದ್ಧಿ. ಹೇಳೋಣ ಅಂದ್ರೆ ಅವನೇ ಇರಲಿಲ್ಲ."

"ಹೂಂ."

"ಅನ್ವರ್ ಹೋಗಿ ಸುಮಾರು ವರ್ಷ ಆಯ್ತು. ಅವರಲ್ಲಿ ಗೋರಿಗೆ ಮಣ್ಣು ಹಾಕೋಕೆ ಯಾರು ಬೇಕಾದ್ರೂ ಹೋಗಬಹುದು. ಮೂರು ಹಿಡಿ ಹಾಕಿ ಬಂದೆ. ನೀನು ಯಾರು ಅಂತ ಒಬ್ಬರೂ ಕೇಳಲಿಲ್ಲ."

"ಸಣ್ಣಸ್ವಾಮಿ ಮನೇಲಿ ಕೇಳಿದ್ರಾ?"

"ಕೇಳಿದ್ರು ಬುದ್ಧಿ."

ಸಣ್ಣಸ್ವಾಮಿಯ ಬಾಯಿಗೆ ನೀರು ಬಿಡಲು ಬಳಗದವರು ಸಾಲಾಗಿ ನಿಂತಿದ್ದರಂತೆ. ಇವನೂ ಹೋಗಿ ನಿಂತ. ಯಾರೋ ಒಬ್ಬರು ಬಂದು, ನೀವು ಯಾರ ಕಡೆಯೋರು ಅಂದರು. ಹೈಸ್ಕೂಲು ಅಂದ. ಬಳಗದೋರದು ಮೊದಲು ಮುಗೀಲಿ, ನೀವು ಶಾಮಿಯಾನದಲ್ಲಿ ಕೂತು ಒಂದು ಕಾಫಿ ಕುಡೀರಿ ಅಂದರು. ಬಳಗ ದೊಡ್ಡದು. ಮುಗಿಯುವ ಹೊತ್ತಿಗೆ ಹೆಣ ಎತ್ತಿಬಿಟ್ಟರು.

"ಕಾಫಿ ಕೈಲೇ ಇತ್ತು ಬುದ್ಧಿ," ಅಂದ ಚೆಲುವಯ್ಯ.

ಆಶ್ರಮಕ್ಕೆ ಬಂದರೆ ಬಾಗಿಲಲ್ಲೇ ಪುಟ್ತಾಯಮ್ಮ ನಿಂತಿದ್ದಳು. ಅಡುಗೆಮನೆಗೆ ತರಕಾರಿ ಹೆಚ್ಚಿಕೊಡುವ ಹೆಂಗಸು, ಮನಸ್ಸಲ್ಲಿ ಕೆಟ್ಟದ್ದಿಲ್ಲ. ಸತ್ತೋರು ನಿಮಗೆ ಏನಾಗಬೇಕು ಅಂತ ಕೇಳಿದಳು. ಏನೂ ಆಗಬೇಕಿಲ್ಲ, ಗೆಳೆಯ ಅಂದ. ಹಂಗಾದ್ರೆ ಸೂತಕ ಏನಿಲ್ಲ, ಹೊಳೇಲಿ ಒಂದು ಮುಳುಗು ಹಾಕಿ ಬಂದ್ಬಿಡಿ, ಹುರುಳಿಕಾಯಿ ಬಿಡಿಸಿಟ್ಟಿದ್ದೀನಿ ಅಂದಳು.

"ಮುಳುಗು ಹಾಕಿದೆ. ಬಂದು ಹುರುಳಿಕಾಯಿ ಪಲ್ಯ ಮಾಡಿದೆ. ಅಲ್ಲಿಗೆ ಮುಗೀತು. ದಾಯಾದಿ ಸತ್ರೆ, ಮುಖ ನೋಡದೇ ಇದ್ದೋನಾದ್ರೂ ಹನ್ನೊಂದು ದಿನ ಸೂತಕ. ಸಣ್ಣಸ್ವಾಮಿಗೆ ನನ್ನಿಂದ ಒಂದು ಮುಳುಗು ಅಷ್ಟೇನಾ?"

ಬುದ್ಧಿಯೋರು ಎಲೆಯಿಂದ ಕೈ ಹಿಂದಕ್ಕೆ ತೆಗೆದರು.

"ಬುದ್ಧಿ, ನನಗೊಂದು ಸೂತಕ ಕೊಡಿ."

ಬುದ್ಧಿಯೋರು ಅವನ ಮುಖವನ್ನು ಚೆನ್ನಾಗಿ ನೋಡಿದರು. ನಗುತ್ತಾರೇನೋ ಅಂದುಕೊಂಡ. ನಗಲಿಲ್ಲ.

"ಕೊಟ್ಟೆ. ತಗೋ."

"ಬುದ್ಧಿ..."

"ಅಡುಗೆಮನೆ ಹೊಸ್ತಿಲು ದಾಟಬೇಡ. ಬಡಿಸಬೇಡ. ಗಡ್ಡ ಕೆರೀಬೇಡ. ಆ ಮರದ ಕೆಳಗೆ ಚಾಪೆ ಹಾಸ್ಕೊಂಡು ಕೂತ್ಕೋ. ಅವರ ಮನೇಲಿ ತಿಥಿ ಆಗೋವರೆಗೂ ನೀನು ಸಾವಿನ ಮನೆಯೋನು."

ಸಪ್ಪೆ ಸಾರನ್ನೇ ಸುರಿದುಕೊಂಡು ಉಂಡು ಎದ್ದರು.

ಮೊದಲ ದಿನ ಚೆಲುವಯ್ಯನಿಗೆ ಎಷ್ಟು ಹಾಯೆನಿಸಿತು ಅಂತೀರಿ! ಕೂರಲು ಒಂದು ಜಾಗ ಸಿಕ್ಕಿತ್ತಲ್ಲ. ಬಂದ ಭಕ್ತರು ಅವನ ಗಡ್ಡ, ಚಾಪೆ ನೋಡಿ ದನಿ ತಗ್ಗಿಸಿ ಕೇಳುತ್ತಿದ್ದರು, ಯಾರು ತೀರ್ಕೊಂಡಿದ್ದು ಅಂತ.

"ನಮ್ಮೋರು," ಅನ್ನುತ್ತಿದ್ದ ಬಾಯಿ ತುಂಬಾ.

ಅಯ್ಯೋ ಪಾಪ ಅಂದು ಅವರು ಎರಡು ನಿಮಿಷ ಕೂರುತ್ತಿದ್ದರು. ಮುಂದೆ ಏನು ಮಾತಾಡುವುದು? ಅವರು ಸಣ್ಣಸ್ವಾಮಿಯನ್ನು ಕಂಡವರೇ ಅಲ್ಲ. ಬಿಸಿಲು ಜಾಸ್ತಿ ಆಯ್ತು ಅಂತ ಎದ್ದು ಹೋಗುತ್ತಿದ್ದರು.

ಸಾವಿನ ಮನೆ ಅಂದರೆ ಸುಮ್ಮನೆ ಅಳುವ ಮನೆಯಲ್ಲ, ನೋಡಿ. ನೀನು ಹೇಳೋದು ಹಂಗಲ್ಲ, ಅವತ್ತು ಆಗಿದ್ದು ಹಿಂಗೆ ಅಂತ ಇನ್ನೊಬ್ಬ ನಡುವೆ ಬಾಯಿ ಹಾಕಬೇಕು. ಹಾಗೆ ಬಾಯಿ ಹಾಕಬಲ್ಲವರು ಇಬ್ಬರೇ ಇದ್ದರು. ಅವರೂ ಹೋಗಿಬಿಟ್ಟಿದ್ದರು. ಚೆಲುವಯ್ಯನಿಗೆ ಆ ಇಬ್ಬರು ಈಗ ಬೇಕಾಗಿತ್ತು, ಈ ಚಾಪೆಯ ಮೇಲೆ, ತೊಡೆಗೆ ತೊಡೆ ತಾಗಿಸಿಕೊಂಡು. ಅನ್ವರಿಗೆ ಸಣ್ಣಸ್ವಾಮಿಯ ಸುದ್ದಿ ಹೇಳಬೇಕಲ್ಲಾ ಅಂತ ಒಂದು ಸಲ ಅನ್ನಿಸಿಯೇ ಬಿಟ್ಟಿತು. ಆಮೇಲೆ ನೆನಪಾಯಿತು.

ಸಂಜೆ ಬುದ್ಧಿಯೋರು ಕೋಲೂರಿಕೊಂಡು ಬಂದು ಚಾಪೆಯ ತುದಿಯಲ್ಲಿ ಕೂತರು.

"ಹೇಳಯ್ಯ, ಎಂಥೋನು ನಿನ್ನ ಸಣ್ಣಸ್ವಾಮಿ?"

"ಬಂಗಾರದಂಥ ಮನುಷ್ಯ ಬುದ್ಧಿ. ಸ್ನೇಹಜೀವಿ."

"ಬೋರಲಿಂಗ?"

"ಅವನೂ ಅಷ್ಟೇ. ಬಂಗಾರ."

"ಅನ್ವರು?"

"ಅವನಂತೂ..."

"ಸಾಕು ನಿಲ್ಲಿಸು. ಇದನ್ನ ಬಸ್‌ಸ್ಟ್ಯಾಂಡಿನ ಫ್ಲೆಕ್ಸಲ್ಲಿ ದಿನಾ ಓದ್ತೀನಿ. ಮೂರು ಜನಕ್ಕೂ ಒಂದೇ ಫ್ಲೆಕ್ಸಾ? ಫೋಟೋ ಬದಲಾಯಿಸಿದ್ರೆ ಆಯ್ತಾ?"

ಕೋಲೂರಿ ಎದ್ದು ನಡೆದೇ ಬಿಟ್ಟರು.

ಚೆಲುವಯ್ಯನಿಗೆ ಮೈಯೆಲ್ಲ ಉರಿಯಿತು. ಸತ್ತವರನ್ನು ಒಳ್ಳೆಯವರು ಅಂದರೂ ತಪ್ಪೇ? ಗುರುವಾದರೇನು, ಎಲ್ಲದಕ್ಕೂ ಒಂದು ಮಿತಿ ಬೇಡವೇ? ಊಟದ ಎಲೆಯನ್ನೂ ಅರ್ಧಕ್ಕೇ ಮಡಿಸಿಟ್ಟ.

ಮರುದಿನ ಸಂಜೆ ಬುದ್ಧಿಯೋರು ಮತ್ತೆ ಬಂದು ಕೂತರು. ಏನೂ ಕೇಳಲಿಲ್ಲ. ಚೆಲುವಯ್ಯನೇ ಶುರುಮಾಡಿದ.

"ಬೋರಲಿಂಗ ದೊಡ್ಡ ಕಳ್ಳ ಬುದ್ಧಿ. ನಮ್ಮ ಊಟದ ಡಬ್ಬಿ ಖಾಲಿ ಮಾಡಿ, ತೊಳೆದು ಒರೆಸಿ ಬ್ಯಾಗಿಗೆ ವಾಪಸ್ ಇಡೋನು. ಊಟದ ಬೆಲ್ ಹೊಡೆದಾಗ ತೆಗೆದು ನೋಡಿದ್ರೆ ಡಬ್ಬಿ ಪಳಪಳ."

"ಆಹಾ!"

"ಅನ್ವರ್ ತುಟಿ ಅಲ್ಲಾಡಿಸದೆ ಶಿಳ್ಳೆ ಹಾಕೋನು. ಮೇಷ್ಟ್ರು ತಿರುಗಿ ನೋಡಿ ನನಗೆ ಬಾರಿಸೋರು. ಅವನು ಏನೂ ಗೊತ್ತಿಲ್ಲದೋನ ಹಾಗೆ ಲೆಕ್ಕ ಬರೀತಾ ಕೂರೋನು."

"ಸಣ್ಣಸ್ವಾಮಿ?"

"ಅವನದು ಬರೀ ಕೋಪ. ಸುಮ್ಮಸುಮ್ಮನೆ ಟೂ ಬಿಡೋನು. ಎರಡು ಮೂರು ದಿನ ಮಾತಿಲ್ಲ ಕಥೆಯಿಲ್ಲ. ಆಮೇಲೆ ಬಂದು ಏನೂ ಹೇಳದೆ ಅಂಗೈಗೆ ಚಿಗಳಿ ಇಡೋನು. ಅಲ್ಲಿಗೆ ರಾಜಿ. ಅದನ್ನ ಅವನೇ ಕುಟ್ಟಿ ಮಾಡೋದು. ಹುಣಸೇಹಣ್ಣು, ಉಪ್ಪು, ಮೆಣಸಿನಕಾಯಿ, ಬೆಲ್ಲ. ಒಂದು ಸಲ ಕೊಟ್ಟ ಚಿಗಳೀಲಿ ಅರ್ಧ ತಾನೇ ನೆಕ್ಕಿದ್ದ ಬುದ್ಧಿ. ಅದಕ್ಕೆ ನಾನು ಟೂ ಬಿಟ್ಟೆ."

ಬುದ್ಧಿಯೋರು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಚೆಲುವಯ್ಯ ಅವರ ಬೆನ್ನು ಸವರುತ್ತಾ ತಾನೂ ನಕ್ಕ. ಆ ಮೂವರ ಕಿತಾಪತಿಗೆ ಇನ್ನೊಬ್ಬರು ನಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತೋ! ನಗುತ್ತಿದ್ದವನಿಗೆ ಅಳು ನುಗ್ಗಿತು. ಮುಚ್ಚುಮರೆಯಿಲ್ಲದೆ, ಮಕ್ಕಳ ಹಾಗೆ ಅತ್ತ.

ಹೀಗೇ ದಿನಾ ಸಂಜೆ ನಡೆಯಿತು. ತಿಥಿಯ ಹಿಂದಿನ ದಿನ ಬುದ್ಧಿಯೋರು ಕೇಳಿದರು:

"ನಾಳೆ ಹೋಗ್ತೀಯಲ್ಲ, ಎಡೆಗೆ ಏನು ತಗೊಂಡು ಹೋಗ್ತೀಯ? ಸತ್ತೋನಿಗೆ ಇಷ್ಟವಾದದ್ದು ಇಡಬೇಕು."

"ಚಿಗಳಿ," ಅಂದ ಚೆಲುವಯ್ಯ ಹಿಂದುಮುಂದು ನೋಡದೆ.

"ಅರವತ್ತರ ಗಂಡಸು ಚಿಗಳಿ ನೆಕ್ಕೊಂಡು ಓಡಾಡ್ತಿದ್ನಾ?"

ಚೆಲುವಯ್ಯ ನೆನಪು ಕೆದಕಿದ. ಸಣ್ಣಸ್ವಾಮಿ ಈಚೆಗೆ ಏನು ತಿನ್ನುತ್ತಿದ್ದ? ಕಾಫಿ ಕುಡಿಯುತ್ತಿದ್ದನೋ, ಟೀಯೋ? ಯಾರದೋ ಮದುವೆಯಲ್ಲಿ ಸಿಕ್ಕರೆ ಚೆನ್ನಾಗಿದ್ದೀಯಾ ಅಂತ ಇವನು, ಚೆನ್ನಾಗಿದ್ದೀನಿ ಅಂತ ಅವನು. ಬಸ್ಸಿಗೆ ಹೊತ್ತಾಯ್ತು ಅಂತ ಇಬ್ಬರೂ. ಮುಂದಿನ ಸಲ ಕೂತು ಮಾತಾಡೋಣ ಅಂತ ಪ್ರತಿ ಸಲವೂ ಅಂದುಕೊಂಡದ್ದೇ ಬಂತು.

"ಗೊತ್ತಿಲ್ಲ ಬುದ್ಧಿ." ಅವನ ದನಿ ಉಡುಗಿಹೋಗಿತ್ತು. "ಅವರು ಕೇಳಿದ್ದೇ ಸರಿ. ನಾನು ಯಾರ ಕಡೆಯೋನೂ ಅಲ್ಲ. ಸತ್ತ ಮನುಷ್ಯನ ವಿಷಯ ನನಗೆ ಏನೂ ಗೊತ್ತಿಲ್ಲ. ನನಗೆ ಗೊತ್ತಿರೋದು ಒಬ್ಬ ಹುಡುಗ. ಈ ಸೂತಕ ವಾಪಸ್ ತಗೊಳ್ಳಿ."

"ಆ ಹುಡುಗನ್ನ ಕಂಡೋರು ಆ ಮನೇಲಿ ಯಾರಿದ್ದಾರೆ?"

ಚೆಲುವಯ್ಯ ಯೋಚಿಸಿದ. ಸಣ್ಣಸ್ವಾಮಿಯ ಅಪ್ಪ ಅವ್ವ ಹೋಗಿ ಕಾಲವಾಯಿತು. ಒಡಹುಟ್ಟಿದವರಿಲ್ಲ. ಹೆಂಡತಿ, ಅವಳ ಕಡೆಯ ಆ ದೊಡ್ಡ ಬಳಗ ಬಂದದ್ದು ಎಷ್ಟೋ ವರ್ಷದ ಮೇಲೆ.

"ಯಾರೂ ಇಲ್ಲ."

"ಮತ್ತೆ ಆ ಹುಡುಗನಿಗೆ ಬಳಗ ಯಾರಯ್ಯ?"

ಚೆಲುವಯ್ಯ ಅಡುಗೆಮನೆ ಕಡೆ ನೋಡಿದ. ಅವನು ಹೊಸ್ತಿಲು ದಾಟುವಂತಿರಲಿಲ್ಲ.

ಬುದ್ಧಿಯೋರೇ ಎದ್ದು ಹೋದರು. ಹೊದ್ದಿದ್ದ ವಸ್ತ್ರದ ಸೆರಗಲ್ಲಿ ಹುಣಸೇಹಣ್ಣು, ಒಣಮೆಣಸಿನಕಾಯಿ, ಉಪ್ಪು, ಒಂದು ಅಚ್ಚು ಬೆಲ್ಲ ಕಟ್ಟಿಕೊಂಡು ಬಂದರು. ಚೆಲುವಯ್ಯ ಹೊಳೆಗಲ್ಲು ಎರಡು ತಂದು ಅಲ್ಲೇ ಕುಟ್ಟಿದ. ಬುದ್ಧಿಯೋರು ಒಂದು ಚೂರು ಕೇಳಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

ತಿಥಿಮನೆಯಲ್ಲಿ ಸಣ್ಣಸ್ವಾಮಿಯ ಫೋಟೋ ಮುಂದೆ ಎಡೆ ಇಟ್ಟಿದ್ದರು. ಮುದ್ದೆ, ಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ. ಪಕ್ಕದಲ್ಲೇ ಒಂದು ಕ್ವಾರ್ಟರ್ ಬಾಟಲಿ. ಚೆಲುವಯ್ಯ ಎಲೆಯ ಮೂಲೆಯಲ್ಲಿ ಚಿಗಳಿ ಇಟ್ಟು ಕೈಮುಗಿದ.

ಸಣ್ಣಸ್ವಾಮಿಯ ಮಗಳು ಭವ್ಯ ನೋಡಿದಳು.

"ಇದೇನು ಇಟ್ರಿ?"

"ಚಿಗಳಿ ಕಣಮ್ಮ. ನಿಮ್ಮಪ್ಪನಿಗೆ."

"ಅಪ್ಪ ಹುಳಿ ಮುಟ್ತಾನೇ ಇರಲಿಲ್ಲ. ಗ್ಯಾಸ್ಟ್ರಿಕ್ಕು."

"ಗ್ಯಾಸ್ಟ್ರಿಕ್ ಬರೋಕೆ ಮುಂಚೆ ನಿಮ್ಮಪ್ಪನಿಗೆ ಒಂದು ಸಲ ಹದಿನೈದು ವರ್ಷ ಆಗಿತ್ತು ಕಣಮ್ಮ."

ಆಮೇಲೆ ಹೇಳಿದ. ಕೋಪ, ಟೂ, ಮಾತಿಲ್ಲದ ದಿನಗಳು, ಅಂಗೈಯ ಚಿಗಳಿ. ಹೇಳುತ್ತಾ ಹೋದ ಹಾಗೆ ಆ ಹುಡುಗಿಯ ಮುಖ ಏನೋ ಆಯಿತು.

"ನಮಗೂ ಹಂಗೇ ಮಾಡ್ತಿದ್ರು! ಬೈದು ಮಾತು ಬಿಡೋರು. ಆಮೇಲೆ ಒಂದು ಮಾತೂ ಆಡದೆ ಕೈಗೆ ಕಡ್ಲೆಮಿಠಾಯಿ ಇಟ್ಟು ಹೋಗೋರು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಭವ್ಯ ಸೆರಗಲ್ಲಿ ಮೂಗು ಒರೆಸಿಕೊಂಡು ಅವನ ಕೈ ಹಿಡಿದಳು. ಒಳಗೆ ಕರೆದುಕೊಂಡು ಹೋಗಿ ಬಳಗದವರ ಪಂಕ್ತಿಯಲ್ಲಿ ಎಲೆ ಹಾಕಿಸಿದಳು.

"ಇನ್ನೂ ಏನೇನು ಮಾಡ್ತಿದ್ರು? ಎಲ್ಲಾ ಹೇಳಿ," ಅಂದಳು. ಎಲೆ ಒಣಗುವವರೆಗೂ ಹೇಳಿದ.

ಬುದ್ಧಿಯೋರು ಹೊಳೆ ಮೆಟ್ಟಿಲ ಮೇಲೆ ಕೂತಿದ್ದಾಗ ಚೆಲುವಯ್ಯ ವಾಪಸ್ ಬಂದ. ಗಡ್ಡ ತೆಗೆಸಿದ್ದ. ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಮೈಯಲ್ಲೇ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದ.

"ಸೂತಕ ಕಳೀತಲ್ಲ. ಎದ್ದು ಒಲೆ ಹಚ್ಚು. ಪುಟ್ತಾಯಮ್ಮನ ಸಾರು ಉಂಡು ಉಂಡು ಸಾಕಾಯ್ತು."

ಚೆಲುವಯ್ಯ ಏಳಲಿಲ್ಲ.

"ಇನ್ನೇನಯ್ಯ?"

"ಬುದ್ಧಿ, ಅವನಿಗೆ ನಾನಿದ್ದೆ. ಹೋಗಿ ಹೇಳ್ದೆ. ನಾಲ್ಕು ಜನದಲ್ಲಿ ಉಳಿದೋನು ನಾನೊಬ್ಬ. ನಾಳೆ ನಾನು ಹೋದ್ರೆ ಈ ಚೆಲುವಯ್ಯನಿಗೆ ಅಳೋಕೆ ಪುಟ್ತಾಯಮ್ಮ ಇದ್ದಾಳೆ, ಊಟಕ್ಕೆ ಬರೋ ಭಕ್ತರಿದ್ದಾರೆ. ಆದ್ರೆ ಆ ಬೆಂಚಲ್ಲಿ ಕೂತಿದ್ದ ಚೆಲುವನ್ನ ಕಂಡೋರು ಈಗ ಒಬ್ಬರೂ ಇಲ್ಲ. ಆ ಹುಡುಗನಿಗೆ ಸೂತಕ ಹಿಡಿಯೋರು ಯಾರು ಬುದ್ಧಿ?"

ಬುದ್ಧಿಯೋರು ಅವನ ಒದ್ದೆ ತಲೆಯ ಮೇಲೆ ಕೈ ಇಟ್ಟರು.

"ಆ ಚೆಲುವ ಆ ಮೂವರ ಜೊತೇಲೇ ಹೋದ ಕಣಯ್ಯ. ಇಷ್ಟು ದಿನ ನೀನು ಹಿಡಿದ ಸೂತಕ ಇನ್ಯಾರದು?"