ಕೌದಿಯ ಹೊಟ್ಟೆಗೆ ಯಾರು?

ಇದನ್ನು ನನಗೆ ಮೊದಲು ಹೇಳಿದವಳು ಅಣ್ಣಿಗೇರಿಯಲ್ಲಿ ಕೌದಿ ಹೊಲಿಯುವ ಫಕೀರವ್ವ. ಬಾಯಲ್ಲಿ ದಾರ ಕಚ್ಚಿಕೊಂಡೇ ಹೇಳಿದಳು.

ಹುಟ್ಟಲಿರುವ ಕೂಸಿಗೆ ಹಾಸಿ ಹೊದೆಯಲು ಒಂದು ಕೌದಿ ಆಗಬೇಕಿತ್ತು. ಒಳಗೆ ಏನು ತುಂಬುವುದೆಂದು ತೀರ್ಮಾನಿಸಲು ಸೂಜಿ ಸಂದರ್ಶನಕ್ಕೆ ಕೂತಿತು. ಪೇಟೆಯಿಂದ ಪಾಲಿಯೆಸ್ಟರ್ ಹಾಳೆ ಬಂದಿತ್ತು, ಹೊಸ ಹತ್ತಿಯೂ ಬಂದಿತ್ತು. ಮೂಲೆಯಲ್ಲಿ ಒಂದು ಹಳೆಯ ನೂಲಿನ ಸೀರೆ ಇತ್ತು. ಇಲ್ಲಿ ಆಯ್ಕೆಯಾಗದಿದ್ದರೆ ನಾಳೆಯಿಂದ ನೆಲ ಒರೆಸುವುದೇ ಅದರ ಹಣೆಬರಹ.

"ನಾನು ಹಗುರ, ಬೇಗ ಒಣಗುವವನು. ಸಾವಿರ ವರ್ಷವಾದರೂ ಮಣ್ಣಾಗುವವನಲ್ಲ," ಎಂದಿತು ಪಾಲಿಯೆಸ್ಟರ್.

"ಕೂಸು ಉಚ್ಚೆ ಹೊಯ್ಯೋದು ಎರಡು ವರ್ಷ ತಮ್ಮಾ," ಎಂದಿತು ಸೀರೆ. "ಉಳಿದ ಒಂಬೈನೂರಾ ತೊಂಬತ್ತೆಂಟು ವರ್ಷ ನೀ ಏನು ಮಾಡಾಂವ?"

ಹತ್ತಿ ಬಿದ್ದು ಬಿದ್ದು ನಕ್ಕಿತು. "ನಾನಾದರೆ ಅಪ್ಪಟ ನೈಸರ್ಗಿಕ!"

"ನೀ ನಗಬ್ಯಾಡವ್ವಾ. ಅರ್ಧ ಕೆರಿ ಕುಡಿದು, ಮೈತುಂಬ ಔಷಧ ಹೊಡಿಸಿಕೊಂಡು ಬಂದಾಕಿ ನೀ."

"ನೀನೇನು ಗಾಳಿ ಕುಡಿದು ಬೆಳೆದೆಯಾ?" ಎಂದು ಹತ್ತಿ ಸಿಡುಕಿತು.

"ನಾನೂ ಕುಡಿದೀನಿ, ಸುಳ್ಳು ಯಾಕ ಹೇಳಲಿ? ಆದರ ಮೂವತ್ತು ವರ್ಷ ದುಡಿದೀನಿ. ಈಗ ನನ್ನ ಸಲುವಾಗಿ ಯಾರೂ ಹೊಸದಾಗಿ ಹೊಲಕ್ಕ ನೀರು ಬಿಡಬೇಕಾಗಿಲ್ಲ."

ಸೂಜಿ ಸಂದರ್ಶನ ಮುಗಿಸಿತು. ಸೀರೆಗೆ ನಾಲ್ಕು ಮಡಿಕೆಯಾಗಿ ಮಲಗಲು ಹೇಳಿ ಮೊದಲ ಹೊಲಿಗೆ ಹಾಕಿತು.

"ಅಯ್ಯಯ್ಯೋ, ಚುಚ್ಚತದಲ್ಲೋ!" ಎಂದು ಸೀರೆ ಕಿರುಚಿತು.

"ಕೆಲಸ ಸಿಕ್ಕಿತು ಅಂದರೆ ಹಾಗೇ ಅಜ್ಜೀ," ಎಂದಿತು ಸೂಜಿ.

ರಜಾಯಿ ಕೊಳ್ಳಲು ಅಂಗಡಿಗೆ ಹೊರಟವರು ಯಾರಾದರೂ ಸಿಕ್ಕರೆ ದಯವಿಟ್ಟು ಇದನ್ನು ಹೇಳಿ. ಮನೆಯ ಟ್ರಂಕು ತೆಗೆದು ಹಳೆಯ ಸೀರೆ ಇದೆಯೇ ನೋಡಲಿ, ಆಮೇಲೆ ಹೋಗಲಿ.