ಹೊಸ ಮೀನಿನ ಎಂಟು ದಿನ

“ಗುರುಗಳೇ, ಮನೆಗೆ ಸೊಸೆ ಬಂದು ಏಳು ತಿಂಗಳಾಯಿತು. ಹೋದ ವಾರ ತವರಿಗೆ ಹೋದವಳು ಇನ್ನು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಾಳೆ. ನಾಳೆ ಕರೆಯಲು ಹೊರಟಿದ್ದೇನೆ. ನಮಗೆ ಹೊಂದಿಕೊಳ್ಳುವುದನ್ನು ಅವಳಿಗೆ ಹೇಗೆ ಕಲಿಸಲಿ?” ಎಂದು ಶಿಷ್ಯೆ ಕಾತ್ಯಾಯಿನಮ್ಮ ಕೇಳಿದರು.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನ ಮನೆಯಲ್ಲಿ ಉಪ್ಪುನೀರು ತುಂಬಿದ ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಹವಳದ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ, ಹಳದಿ ಬಣ್ಣದ ಒಂದು ಚಿಟ್ಟೆಮೀನನ್ನು ನಾಲ್ಕು ವರ್ಷದಿಂದ ಸಾಕಿದ್ದ. ಅದು ಒಂಟಿಯಾಗಿದೆ ಎನಿಸಿ, ಇನ್ನೊಂದು ಜಾತಿಯ ಚಿಟ್ಟೆಮೀನನ್ನು ಕೊಂಡ. ಇದಕ್ಕೆ ಉದ್ದ ಮೂತಿ, ಮೈಮೇಲೆ ಕಿತ್ತಳೆ ಬಣ್ಣದ ಪಟ್ಟಿಗಳು.

ಮೀನು ಮಾರುವವನು ಹೇಳಿದ: “ಇದನ್ನು ಬಿಡುವ ಮುಂಚೆ ಕಲ್ಲುಗಳನ್ನೆಲ್ಲ ತೆಗೆದು ಬೇರೆ ಥರ ಜೋಡಿಸಿ ರಾಯರೇ. ಹಳೆಯದಕ್ಕೂ ತೊಟ್ಟಿ ಹೊಸದಾಗಬೇಕು.”

“ನಾಲ್ಕು ವರ್ಷದಿಂದ ಇರುವುದನ್ನು ಯಾಕಪ್ಪಾ ಗೋಳಾಡಿಸಲಿ? ಬಂದದ್ದು ಹೊಂದಿಕೊಳ್ಳುತ್ತದೆ ಬಿಡು.”

ಮೀನು ಮಾರುವವನು ನಕ್ಕ. “ಎಲ್ಲಿ ಹೊಂದಿಕೊಳ್ಳುತ್ತದೆ ಸ್ವಾಮಿ? ಒಂದೊಂದು ಸಂದಿಯನ್ನೂ ಹಳೆಯದು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡು ಕೂತಿದೆ!”

ವರ್ತಕ ಕಲ್ಲುಗಳನ್ನು ಮುಟ್ಟಲಿಲ್ಲ. ಹೊಸ ಮೀನು ಯಾವ ಸಂದಿಗೆ ಹೋದರೂ ಹಳೆಯದು ಅಟ್ಟಿಸಿಕೊಂಡು ಬರುತ್ತಿತ್ತು. ಕೊನೆಗೆ ಹೊಸದು ಪಂಪಿನ ಕೊಳವೆಯ ಪಕ್ಕದ ಮೂಲೆಯಲ್ಲೇ ನಿಂತುಬಿಟ್ಟಿತು. ಹಾಕಿದ ಆಹಾರ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ವರ್ತಕ ದಿನವೂ ಗಾಜಿನ ಬಳಿ ಕೂತು, “ಸ್ವಲ್ಪ ಸಹಿಸಿಕೋ, ಎಲ್ಲ ಸರಿಹೋಗುತ್ತದೆ” ಎನ್ನುತ್ತಿದ್ದ. ಅವನಿಗೆ ಅದರ ಮೇಲೆ ಪ್ರೀತಿ ಇರಲಿಲ್ಲ ಎನ್ನುವಂತಿಲ್ಲ.

ಎಂಟನೆಯ ದಿನ ಅದು ಕಾಣಲಿಲ್ಲ. ಸತ್ತು ಎಲ್ಲೋ ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಹಾಗೇ ಬಿಟ್ಟರೆ ನೀರು ಕೆಡುತ್ತದೆ. ವರ್ತಕ ಅಂಗಿಯ ತೋಳು ಮಡಿಸಿ, ಒಂದೊಂದೇ ಕಲ್ಲನ್ನು ಹೊರಗೆ ತೆಗೆದ. ಮೀನು ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗಿನ ಕಲ್ಲಿನಡಿ. ಆಮೇಲೆ ಕೈಗೆ ಬಂದಂತೆ ಕಲ್ಲುಗಳನ್ನು ಒಳಗಿಟ್ಟ. ಮೊದಲಿನ ಜೋಡಣೆ ಅವನಿಗೆ ನೆನಪಿರಲಿಲ್ಲ.

ಹಳೆಯ ಮೀನು ಅಂದು ಗಾಬರಿಯಿಂದ ಸುತ್ತಾಡಿತು. ಮರುದಿನ ಒಂದು ಹೊಸ ಸಂದಿಯನ್ನು ಹುಡುಕಿಕೊಂಡಿತು. ಎಂದಿನಂತೆ ಬಂದು ಆಹಾರ ತಿಂದಿತು. ಅದಕ್ಕೆ ಏನೂ ಆಗಲಿಲ್ಲ.

ವರ್ತಕ ತೊಟ್ಟಿಯ ಮುಂದೆ ನಿಂತು ಹೆಂಡತಿಗೆ ಹೇಳಿದ: “ಅರ್ಧ ಗಂಟೆಯ ಕೆಲಸವಾಗಿತ್ತು ಕಣೇ.”

ಗುರುಗಳು ಮಾತು ನಿಲ್ಲಿಸಿದರು.

“ಅಯ್ಯೋ ಪಾಪ!” ಎಂದರು ಕಾತ್ಯಾಯಿನಮ್ಮ. “ಮೀನು ಮಾರುವವನು ಅಷ್ಟು ಬಿಡಿಸಿ ಹೇಳಿದ್ದನಲ್ಲ, ಕೇಳಬಾರದಿತ್ತೇ ಆ ಮನುಷ್ಯ?”

ಗುರುಗಳು ಅವರನ್ನು ನೋಡಿ ಮೆಲ್ಲಗೆ ಕೇಳಿದರು:

“ಈ ಏಳು ತಿಂಗಳಲ್ಲಿ ಅಡುಗೆಮನೆಯ ಸಾಸಿವೆ ಡಬ್ಬಿಯನ್ನಾದರೂ ತನಗೆ ಬೇಕಾದ ಕಡೆ ಇಟ್ಟುಕೊಳ್ಳಲು ಅವಳಿಗೆ ಬಿಟ್ಟಿರಾ ತಾಯಿ?”