ಅವರೆ ಹೊಲದಲ್ಲಿ ನಾಯಕರ ಬೇಟೆ

ಕೆಂಚನದುರ್ಗದ ಪಾಳೆಯಗಾರ ಹಿರೇಬೊಮ್ಮ ನಾಯಕರಿಗೆ ಬಾಣ ಹೂಡುವುದಕ್ಕಿಂತ ಬಡಾಯಿ ಕೊಚ್ಚುವುದೇ ಚೆನ್ನಾಗಿ ಬರುತ್ತಿತ್ತು. ಜಿಂಕೆ ಬೇಟೆಯ ಕಾಲ ಹತ್ತಿರ ಬಂತೆಂದರೆ ಮುಗಿಯಿತು, ಆಸ್ಥಾನದಲ್ಲಿ ಬೇರೆ ಮಾತೇ ಇಲ್ಲ.

"ಈ ಸಲ ಮೊದಲ ದಿನವೇ ಕವಲುಗೊಂಬಿನ ಗಂಡು ಜಿಂಕೆ ಹೊಡೆಯುತ್ತೇನೆ," ಎಂದರು ನಾಯಕರು. "ಹಳ್ಳಿಯ ಗಂಡಸರೆಲ್ಲ ಕಾಡು ಸೋವುವುದಕ್ಕೆ ಬರಲಿ. ತಮಟೆ ಬಡಿದು, ಕೂಗಿ, ಜಿಂಕೆಗಳನ್ನು ನನ್ನ ಮುಂದಕ್ಕೆ ಅಟ್ಟಲಿ. ಬೇಟೆ ಮುಗಿಯುವ ತನಕ ಒಬ್ಬನೂ ಹೊಲಕ್ಕೆ ಕಾಲಿಡಕೂಡದು."

ಡಂಗುರ ಹೊಡೆದದ್ದೇ ತಡ, ಹಳ್ಳಿಯ ಕಾಳವ್ವ ಆಸ್ಥಾನದ ವಿನೋದಗಾರ ಓಬಣ್ಣನ ಮನೆ ಬಾಗಿಲಿಗೆ ಬಂದು ಕುಂತಳು.

"ರಾಗಿ ಬಲಿತು ಉದುರ್ತಾ ಐತೆ ಕಣಪ್ಪ. ಗಂಡಸ್ರೆಲ್ಲ ಕಾಡ್ನಾಗೆ ತಮಟೆ ಬಡೀತಾ ನಿಂತ್ರೆ ಕೊಯ್ಯೋರ್ಯಾರು? ವರ್ಷವೆಲ್ಲ ಮಕ್ಕಳಿಗೆ ಏನು ಇಕ್ಲಿ?"

ಓಬಣ್ಣ ಎದ್ದು ರುಮಾಲು ಸುತ್ತಿಕೊಂಡ. ನೆಟ್ಟಗೆ ಅರಮನೆಗೆ ಹೋದ.

"ಪ್ರಭು, ಬೇಟೆಗೆ ಮುಂಚೆ ಜಾಡು ನೋಡಬೇಕಲ್ಲ, ಆ ಕೆಲಸ ಈ ಸಲ ನನಗೆ ಬಿಡಿ."

"ನಿನಗೆ ಜಿಂಕೆ ಯಾವುದು, ಮೇಕೆ ಯಾವುದು ಗೊತ್ತೇನೋ? ಆಗಲಿ, ನೋಡು. ಮೊದಲ ದಿನ ಬೆಳಿಗ್ಗೆ ಗಂಡು ಜಿಂಕೆ ನನ್ನ ಬಿಲ್ಲಿನ ಮುಂದೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ನಿನ್ನ ತಲೆಗೇ ಕೊಂಬು ಕಟ್ಟಿಸಿ ಕಾಡಿಗೆ ಅಟ್ಟುತ್ತೇನೆ."

"ನಿಂತರೆ?"

"ಕೇಳಿದ್ದು ಕೊಡುತ್ತೇನೆ."

"ಹಾಗಾದರೆ ಪದ್ಧತಿ ಗೊತ್ತಲ್ಲ. ಜಾಡು ನೋಡಿದವನು ತೋರಿಸಿದ ಕಡೆಯೇ ಕೂರಬೇಕು. ಅತ್ತರು ಹಚ್ಚಬಾರದು, ಎಲೆಅಡಿಕೆ ಬೇಡ, ಕೆಮ್ಮಿದರೂ ಕೆಟ್ಟಿತು."

ಓಬಣ್ಣ ಕಾಡಂಚಿನಲ್ಲಿ ಸುತ್ತಿದ. ಗೊರಸಿನ ಗುರುತು ನೋಡಿದ, ಹಿಕ್ಕೆ ನೋಡಿದ, ಕೊಂಬು ಉಜ್ಜಿ ತೊಗಟೆ ಕಿತ್ತ ಮರ ನೋಡಿದ. ಜಾಡೆಲ್ಲ ಒಂದೇ ಕಡೆಗೆ ಹೋಗುತ್ತಿತ್ತು. ಅದನ್ನು ಕಂಡು ಒಳಗೊಳಗೇ ನಕ್ಕ.

ಬೇಟೆಯ ದಿನ ಬಂತು. ಊರವರೆಲ್ಲ ತಮಟೆ ಹಿಡಿದು ಕಾಡಿನ ಆಚೆ ಬದಿಯಲ್ಲಿ ಅಪ್ಪಣೆಗೆ ಕಾಯುತ್ತಿದ್ದರು. ಈಚೆ ಓಬಣ್ಣ ನಾಯಕರಿಗೆ ಕುರಿಗಾಹಿಯ ಕಂಬಳಿ ಹೊದಿಸಿ, ಬೆಳಕು ಹರಿಯುವ ಮುಂಚೆ ಕಾಡಂಚಿನ ಒಂದು ಅಟ್ಟಣೆ ಹತ್ತಿಸಿದ.

"ಇದು ಕಾಡಲ್ಲವಲ್ಲೋ," ಪಿಸುಗುಟ್ಟಿದರು ನಾಯಕರು.

"ಜಾಡು ಇಲ್ಲಿಗೇ ಬಂದಿದೆ ಪ್ರಭು. ಸುಮ್ಮನಿರಿ."

ಮಸುಕು ಬೆಳಕಾಯಿತು. ಪೊದೆ ಅಲುಗಿತು. ಕವಲುಗೊಂಬಿನ ಗಂಡು ಜಿಂಕೆ ಬಂದು ಅಟ್ಟಣೆಯ ಎದುರೇ ನಿಂತಿತು, ಹಿಂದೆಯೇ ಅದರ ಸಂಸಾರವೂ ಬಂತು. ನಾಯಕರು ಬಾಣ ಹೂಡಿದರು. ಜಿಂಕೆ ಬಗ್ಗಿ ಒಂದು ಬಾಯಿ ಕಾಯಿ ಕಿತ್ತು ಸಾವಕಾಶವಾಗಿ ಜಗಿಯತೊಡಗಿತು.

"ಏನೋ ಅದು ತಿನ್ನುತ್ತಿರುವುದು?"

"ಅವರೆಕಾಯಿ. ಕಾವಲಿನವರನ್ನೂ ತಾವು ತಮಟೆ ಬಡಿಯುವುದಕ್ಕೆ ಕರೆಸಿಕೊಂಡಿರಲ್ಲ, ಕೇಳುವವರಿಲ್ಲ."

"ಯಾವನ ಹೊಲ?"

"ತಮ್ಮದೇ. ಅರಮನೆಯ ಹೊಲ."

ಹಿತಕಿದವರೆ ಸಾರಿಲ್ಲದೆ ನಾಯಕರಿಗೆ ಚಳಿಗಾಲದಲ್ಲಿ ಮುದ್ದೆಯೇ ಇಳಿಯುತ್ತಿರಲಿಲ್ಲ. ಜಿಂಕೆ ಇನ್ನೊಂದು ಬಾಯಿ ಕಿತ್ತದ್ದು ಕಂಡರೋ ಇಲ್ಲವೋ, ಬಿಲ್ಲು ಒಂದು ಕಡೆ, ಬಾಣ ಒಂದು ಕಡೆ. ಅಟ್ಟಣೆಯಿಂದ ಧುಮುಕಿ, ಕಂಬಳಿ ಬೀಸುತ್ತಾ, "ಹೋಯ್! ಹೋಯ್! ನನ್ನ ಅವರೆ!" ಎಂದು ಕಿರುಚುತ್ತಾ ಹೊಲದ ತುಂಬ ಓಡಾಡಿದರು. ಜಿಂಕೆಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾದವು.

ನಾಯಕರು ಏದುಸಿರು ಬಿಡುತ್ತಾ ಬಂದರು. "ಎಲ್ಲೋ ನನ್ನ ಜಿಂಕೆ?"

"ಬಿಲ್ಲಿನ ಮುಂದೆ ಬಂದು ನಿಂತಿತ್ತು ಪ್ರಭು. ನನ್ನ ಕೆಲಸ ಅಷ್ಟೇ. ಈಗ ಕೇಳಿದ್ದು ಕೊಡಿ. ಊರವರನ್ನು ಮನೆಗೆ ಕಳಿಸಿ, ರಾಗಿ ಕೊಯ್ದುಕೊಳ್ಳಲಿ."

"ಅವರು ಹೋದರೆ ಜಿಂಕೆ ಅಟ್ಟುವವರು ಯಾರೋ?"

"ಅಷ್ಟು ಜನ ತಮಟೆ ಬಡಿದು ಮಾಡುವ ಕೆಲಸ ತಾವೊಬ್ಬರೇ ಒಂದು ಕಂಬಳಿ ಬೀಸಿ ಮಾಡಿದಿರಿ ಪ್ರಭು. ಇನ್ನು ನಮಗೆ ಬೇಕಾಗಿರುವುದು ಬಾಣ ಬಿಡುವವನೊಬ್ಬ."

ನಾಯಕರು ಒಂದು ಗಳಿಗೆ ಗುರಾಯಿಸಿದರು. ಆಮೇಲೆ ಬದುವಿನ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಕಾಳವ್ವನ ಹೊಲದಲ್ಲಿ ರಾಗಿ ಕೊಯ್ಲು ಶುರುವಾಗಿತ್ತು.